ಖಿನ್ನತೆ ಮತ್ತು ಮಿದುಳಿನ ತಾಲೀಮು

ಕಿವಿಗೆ ಒಂದೊಂದಾಗಿ ಅಂಕಿಗಳು ಬೀಳುತ್ತವೆ: ಮೂರು, ಐದು, ಎರಡು, ಒಂಬತ್ತು. ಕೇಳುತ್ತಿರುವವರು ಪ್ರತಿ ಅಂಕಿಯನ್ನೂ ಅದರ ಹಿಂದಿನ ಅಂಕಿಗೆ ಕೂಡಿ ಹೇಳಬೇಕು. ಮೂರಕ್ಕೆ ಐದು ಸೇರಿದರೆ ಎಂಟು. ಆಮೇಲೆ ಎರಡು ಬಂದಾಗ ಹತ್ತು ಎನ್ನುವಂತಿಲ್ಲ. ಐದಕ್ಕೆ ಎರಡು, ಏಳು. ಎರಡಕ್ಕೆ ಒಂಬತ್ತು, ಹನ್ನೊಂದು. ಕೂಡುವುದು ಒಂದನೇ ತರಗತಿಯ ಲೆಕ್ಕ. ಕಷ್ಟವಿರುವುದು ಬೇರೆ ಕಡೆ: ಈಗಷ್ಟೇ ತನ್ನ ಬಾಯಿಂದಲೇ ಬಂದ ಉತ್ತರವನ್ನು ತಲೆಯಿಂದ ಕೊಡವಿ, ಕಿವಿಗೆ ಬಿದ್ದ ಅಂಕಿಯನ್ನಷ್ಟೇ ಹಿಡಿದಿಟ್ಟುಕೊಳ್ಳಬೇಕು. ಅಂಕಿಗಳ ನಡುವಿನ ಬಿಡುವು ಕಿರಿದಾಗುತ್ತ ಹೋದಂತೆ ಲೆಕ್ಕದಲ್ಲಿ ಪಳಗಿದವರೂ ತಡವರಿಸುತ್ತಾರೆ. ಒಂದು ತಪ್ಪಾದ ಕೂಡಲೇ ‘ಅಯ್ಯೋ, ತಪ್ಪಿತು’ ಎಂದು ಮನಸ್ಸು ಅಲ್ಲೇ ನಿಂತರೆ ಮುಂದಿನ ಎರಡೂ ತಪ್ಪುತ್ತವೆ.

ನ್ಯೂಜಿಲೆಂಡಿನ ಮನಶ್ಶಾಸ್ತ್ರಜ್ಞೆ ಡೊರೊಥಿ ಗ್ರಾನ್‌ವಾಲ್ 1970ರ ದಶಕದಲ್ಲಿ ಈ ಪರೀಕ್ಷೆಯನ್ನು ಬೆಳೆಸಿದ್ದು ತಲೆಗೆ ಪೆಟ್ಟು ಬಿದ್ದವರು ಎಷ್ಟು ಚೇತರಿಸಿಕೊಂಡಿದ್ದಾರೆ ಎಂದು ಅಳೆಯಲು. ‘ಪಾಸಟ್’ ಎಂದು ಅದರ ಹೆಸರು. ಮೂರು ದಶಕಗಳ ನಂತರ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರೆಗ್ ಸೀಗಲ್ ಮತ್ತು ಸಂಗಡಿಗರು ಅದೇ ಪರೀಕ್ಷೆಯನ್ನು ತಾಲೀಮಾಗಿ ಬದಲಿಸಿ ಖಿನ್ನತೆಯ ರೋಗಿಗಳ ಮುಂದಿಟ್ಟರು. ಅವರ ತಂತ್ರಾಂಶ ರೋಗಿಯ ವೇಗಕ್ಕೆ ಹೊಂದಿಕೊಳ್ಳುತ್ತಿತ್ತು: ಸತತವಾಗಿ ಸರಿ ಹೇಳಿದರೆ ಅಂಕಿಗಳು ಬೇಗ ಬರುತ್ತಿದ್ದವು, ಸತತವಾಗಿ ತಪ್ಪಿದರೆ ನಿಧಾನವಾಗುತ್ತಿದ್ದವು. 2007ರಲ್ಲಿ ಪ್ರಕಟವಾದ ಆ ಸಣ್ಣ ಪ್ರಯೋಗದಲ್ಲಿ, ಮಾಮೂಲಿ ಚಿಕಿತ್ಸೆಯ ಜೊತೆಗೆ ಈ ತಾಲೀಮನ್ನೂ ಪಡೆದವರ ಖಿನ್ನತೆ ಹೆಚ್ಚು ಇಳಿಯಿತು. ಅದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವುದೂ ಕಡಿಮೆಯಾಯಿತು.

ಇಂಥ ಅಭ್ಯಾಸಗಳನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ವಾರಗಟ್ಟಲೆ ಕ್ರಮವಾಗಿ ಮಾಡಿಸಿ ಖಿನ್ನತೆಯನ್ನು ತಗ್ಗಿಸುವ ಪ್ರಯತ್ನವೇ ಮಿದುಳಿನ ತಾಲೀಮಿನ ಚಿಕಿತ್ಸೆ. ಸಾಮಾನ್ಯವಾಗಿ ಒಂದು ಪಾಳಿ ಹದಿನೈದರಿಂದ ಮೂವತ್ತು ನಿಮಿಷ; ವಾರಕ್ಕೆ ಕೆಲವು ಪಾಳಿ; ಒಟ್ಟು ಎರಡರಿಂದ ಎಂಟು ವಾರ. ಇದನ್ನು ಮೊಬೈಲಿನಲ್ಲಿ ಸಿಗುವ ಮತ್ತೊಂದು ಬಗೆಯ ಚಿಕಿತ್ಸೆಯಿಂದ ಬೇರ್ಪಡಿಸಿ ನೋಡಬೇಕು. ಜರ್ಮನಿಯ ಡೆಪ್ರೆಕ್ಸಿಸ್‌ನಂಥ ಕಾರ್ಯಕ್ರಮಗಳು ‘ಸಿಬಿಟಿ’ ಎಂಬ ಮಾತಿನ ಚಿಕಿತ್ಸೆಯನ್ನು ಪಾಠಗಳಾಗಿ ಕಲಿಸುತ್ತವೆ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹದಿಹರೆಯದವರಿಗೆಂದು ರೂಪಿಸಿದ ಸ್ಪಾರ್ಕ್ಸ್ ನೋಡಲು ವಿಡಿಯೊ ಗೇಮೇ ಆದರೂ ಅದರ ಹೂರಣವೂ ಸಿಬಿಟಿಯೇ. ಅವು ರೋಗಿಯ ಯೋಚನೆಯ ವಿಷಯವನ್ನು ಕೈಗೆತ್ತಿಕೊಳ್ಳುತ್ತವೆ: ‘ನಾನು ಕೆಲಸಕ್ಕೆ ಬಾರದವನು’ ಎಂಬುದು ನಿಜವೇ, ಅದಕ್ಕೆ ಆಧಾರವೇನು ಎಂದು ಕೇಳುತ್ತವೆ. ಮಿದುಳಿನ ತಾಲೀಮು ಆ ಪ್ರಶ್ನೆಗೆ ಹೋಗುವುದೇ ಇಲ್ಲ. ಆ ಯೋಚನೆಯಿಂದ ಗಮನವನ್ನು ಕಿತ್ತು ಬೇರೆಡೆ ನೆಡುವ ಶಕ್ತಿಯನ್ನೇ ಬಲಪಡಿಸಲು ನೋಡುತ್ತದೆ.

ಮಂಕಾಗುವುದು ಮನಸ್ಸು ಮಾತ್ರವಲ್ಲ

ಖಿನ್ನತೆ ಎಂದರೆ ದುಃಖ ಎಂಬುದು ಅರ್ಧ ತಿಳಿವಳಿಕೆ. ಓದಿದ ಸಾಲು ತಲೆಗೆ ಹತ್ತುವುದಿಲ್ಲ, ಯಾವ ಸೀರೆ ಉಡಬೇಕೆಂದು ತೀರ್ಮಾನಿಸುವುದೂ ಬೆಟ್ಟವಾಗುತ್ತದೆ, ಒಲೆಯ ಮೇಲಿಟ್ಟ ಹಾಲು ನೆನಪಿರುವುದಿಲ್ಲ. ಗಮನ ಕುಗ್ಗುವುದು ಮತ್ತು ತೀರ್ಮಾನ ಮಾಡಲಾಗದಿರುವುದು ವೈದ್ಯರು ರೋಗನಿರ್ಣಯಕ್ಕೆ ಬಳಸುವ ಲಕ್ಷಣಪಟ್ಟಿಯಲ್ಲೇ ಸೇರಿವೆ. ಮನೆಯವರು ಇದನ್ನು ಸೋಮಾರಿತನವೆಂದೋ ಅಸಡ್ಡೆಯೆಂದೋ ತಿಳಿಯುವುದು ರೋಗಿಗೆ ಆಗುವ ದೊಡ್ಡ ಅನ್ಯಾಯ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮನಸ್ಸು ಹಗುರಾದ ಮೇಲೂ ಈ ಮಂಕು ಪೂರ್ತಿ ಹೋಗದಿರಬಹುದು. ಕೇಂಬ್ರಿಜ್‌ನ ಸಂಶೋಧಕರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಖಿನ್ನತೆಯಿಂದ ಹೊರಬಂದವರಲ್ಲೂ ಗಮನ ಮತ್ತು ಯೋಜನಾಶಕ್ತಿಯ ಕೊರತೆ ಉಳಿದಿರುವುದು ಕಂಡುಬಂತು. ಮಾತ್ರೆಯಿಂದ ಅಳು ನಿಂತರೂ ಕಚೇರಿಯ ಕೆಲಸ ಮೊದಲಿನಂತೆ ಸಾಗುತ್ತಿಲ್ಲ ಎನ್ನುವವರ ಕಷ್ಟ ಇಲ್ಲಿದೆ.

ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲೇ ಖಿನ್ನತೆಯನ್ನು ಯೋಚನೆಯ ವಕ್ರತೆಯಾಗಿ ಕಂಡಿದ್ದರು: ರೋಗಿ ತನ್ನನ್ನು, ಜಗತ್ತನ್ನು, ನಾಳೆಯನ್ನು ಕಪ್ಪಾಗಿಯೇ ಓದಿಕೊಳ್ಳುತ್ತಾನೆ. ಆ ಕಪ್ಪು ಯೋಚನೆ ಅಲ್ಲೇ ಕೂರುವುದು ಏಕೆ ಎಂಬುದಕ್ಕೆ ಮುಂದಿನ ತಲೆಮಾರಿನವರು ಉತ್ತರ ಹುಡುಕಿದರು. ಸೀಗಲ್ 2002ರಲ್ಲಿ ಮಿದುಳಿನ ಸ್ಕ್ಯಾನ್ ಮಾಡುತ್ತ ಜನರಿಗೆ ನೋವಿನ ಪದಗಳನ್ನು ತೋರಿಸಿದರು. ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗ ಆರೋಗ್ಯವಂತರಲ್ಲಿ ಹತ್ತು ಸೆಕೆಂಡಿನೊಳಗೆ ತಣ್ಣಗಾಯಿತು. ಖಿನ್ನತೆಯವರಲ್ಲಿ ಪದ ಮಾಯವಾಗಿ, ಬೇರೆ ಕೆಲಸ ಶುರುವಾದ ಮೇಲೂ, ಸುಮಾರು 25 ಸೆಕೆಂಡು ಅದು ಉರಿಯುತ್ತಲೇ ಇತ್ತು. ಅದನ್ನು ಹತೋಟಿಗೆ ತರಬೇಕಾದ, ಹಣೆಯ ಹಿಂದಿನ ಮಿದುಳಿನ ಹೊರಪದರ ಖಿನ್ನತೆಯಲ್ಲಿ ಮಂದವಾಗಿರುತ್ತದೆ ಎಂಬುದು ಬೇರೆ ಅಧ್ಯಯನಗಳಿಂದ ತಿಳಿದಿತ್ತು. ಪಾಸಟ್‌ನಂಥ ಲೆಕ್ಕ ಮಾಡುವಾಗ ದುಡಿಯುವುದು ಆ ಹೊರಪದರವೇ. ತಾಲೀಮಿನ ವಾದ ಹುಟ್ಟಿದ್ದು ಇಲ್ಲಿ.

ಒಂದನ್ನೇ ಹಿಡಿದು ಕೊರಗುವುದರ ಬೆಲೆ ಎಷ್ಟೆಂದು ತೋರಿಸಿಕೊಟ್ಟವರು ಸೂಸನ್ ನೋಲೆನ್-ಹೊಕ್ಸೆಮಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ವಿದ್ಯಾರ್ಥಿಗಳ ಮನಸ್ಥಿತಿಯನ್ನೂ ಕೊರಗುವ ಸ್ವಭಾವವನ್ನೂ ಅಳೆದು ಎರಡು ವಾರವಾಗಿತ್ತು. 1989ರ ಅಕ್ಟೋಬರ್ 17ರಂದು ಲೋಮ ಪ್ರಿಯೆಟ ಭೂಕಂಪ ಆ ಪ್ರದೇಶವನ್ನು ನಡುಗಿಸಿತು. ಯಾರೂ ಯೋಜಿಸಲಾಗದ ಪ್ರಯೋಗವೊಂದು ತಾನಾಗಿ ಒದಗಿಬಂತು. ಭೂಕಂಪಕ್ಕೆ ಮೊದಲೇ ಕೊರಗುವ ಅಭ್ಯಾಸವಿದ್ದವರಲ್ಲಿ ಏಳು ವಾರಗಳ ನಂತರವೂ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು. ಎಲ್ಲರೂ ಕಂಡದ್ದು ಒಂದೇ ಭೂಕಂಪ. ಅದರಿಂದ ಮನಸ್ಸನ್ನು ಬಿಡಿಸಿಕೊಳ್ಳುವ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು.

ಬಗೆಬಗೆಯ ಅಭ್ಯಾಸಗಳು

ತಾಲೀಮುಗಳಲ್ಲಿ ಎರಡು ವಂಶಗಳಿವೆ. ಒಂದು, ಪಾಸಟ್‌ನಂತೆ ಭಾವನೆಯ ಸೋಂಕಿಲ್ಲದ, ಅಂಕಿ-ಆಕೃತಿಗಳ ಅಭ್ಯಾಸ. ‘ಎನ್-ಬ್ಯಾಕ್’ ಇದರಲ್ಲಿ ಹೆಸರಾದದ್ದು. ಪರದೆಯ ಮೇಲೆ ಒಂದಾದ ಮೇಲೊಂದು ಅಕ್ಷರ ಅಥವಾ ಚೌಕ ಮೂಡುತ್ತದೆ. ಈಗ ಕಂಡದ್ದು ಎರಡು ಸರದಿ ಹಿಂದೆ ಕಂಡದ್ದೇ ಹೌದೋ ಅಲ್ಲವೋ ಎಂದು ಹೇಳಬೇಕು. ಪಳಗಿದಂತೆ ಎರಡು ಹೋಗಿ ಮೂರಾಗುತ್ತದೆ, ನಾಲ್ಕಾಗುತ್ತದೆ. ಕೆಲಸ ಮುಗಿಯುವ ತನಕ ಮಾತ್ರ ತಲೆಯಲ್ಲಿ ಹಿಡಿದಿಡುವ ನೆನಪಿನ ಮೇಲೆ ಇದು ನೇರವಾಗಿ ಭಾರ ಹೇರುತ್ತದೆ. ಸೂಸನ್ ಯೇಗಿ ಮತ್ತು ಸಹೋದ್ಯೋಗಿಗಳು ಈ ಅಭ್ಯಾಸದಿಂದ ಬುದ್ಧಿಶಕ್ತಿಯೇ ಹೆಚ್ಚುತ್ತದೆ ಎಂದು 2008ರಲ್ಲಿ ವರದಿ ಮಾಡಿದ್ದರಿಂದ ಇದಕ್ಕೆ ಜಗತ್ತಿನ ಗಮನ ಸಿಕ್ಕಿತು. ಆ ಫಲಿತಾಂಶದ ಬಗ್ಗೆ ಚರ್ಚೆ ಇಂದಿಗೂ ಮುಗಿದಿಲ್ಲ.

ಇನ್ನೊಂದು ವಂಶದ ತಾಲೀಮುಗಳು ಭಾವನೆಯನ್ನೇ ಸಾಮಗ್ರಿಯಾಗಿಸಿಕೊಳ್ಳುತ್ತವೆ. ಕಾಲಿನ್ ಮೆಕ್ಲೌಡ್ ಮತ್ತು ಆಂಡ್ರೂ ಮ್ಯಾಥ್ಯೂಸ್ 1986ರಲ್ಲಿ ರೂಪಿಸಿದ ಚುಕ್ಕೆ ಪರೀಕ್ಷೆಯಲ್ಲಿ ಎರಡು ಪದಗಳು ಅರ್ಧ ಸೆಕೆಂಡು ಕಾಣಿಸಿ ಮಾಯವಾಗುತ್ತವೆ. ಒಂದು ಭಯ ಹುಟ್ಟಿಸುವಂಥದ್ದು, ಇನ್ನೊಂದು ಸಪ್ಪೆ. ಎರಡರಲ್ಲಿ ಒಂದರ ಜಾಗದಲ್ಲಿ ಚುಕ್ಕೆ ಮೂಡುತ್ತದೆ. ಕಂಡ ಕೂಡಲೇ ಗುಂಡಿ ಒತ್ತಬೇಕು. ಆತಂಕದಲ್ಲಿರುವವರು ಭಯದ ಪದವಿದ್ದ ಜಾಗದ ಚುಕ್ಕೆಯನ್ನು ಬೇಗ ಗುರುತಿಸುತ್ತಾರೆ, ಏಕೆಂದರೆ ಕಣ್ಣು ಮೊದಲೇ ಅಲ್ಲಿರುತ್ತದೆ. 2002ರಲ್ಲಿ ಮೆಕ್ಲೌಡ್ ತಂಡ ಇದನ್ನೇ ತಿರುಗಿಸಿತು. ಚುಕ್ಕೆ ಯಾವಾಗಲೂ ಸಪ್ಪೆ ಪದದ ಜಾಗದಲ್ಲೇ ಮೂಡುವಂತೆ ಮಾಡಿ, ನೂರಾರು ಸಲ ಆಡಿಸಿ, ಗಮನಕ್ಕೆ ಹೊಸ ದಾರಿ ರೂಢಿ ಮಾಡಿಸಿತು. ಗಮನದ ಒಲವು ಬದಲಾದರೆ ಒತ್ತಡಕ್ಕೆ ಮನಸ್ಸು ಸ್ಪಂದಿಸುವ ರೀತಿಯೂ ಬದಲಾಗುತ್ತದೆ ಎಂದು ಈ ಪ್ರಯೋಗ ತೋರಿಸಿತು. ಉಪಾಯ ಸರಳ, ಸೊಗಸು. ರೋಗಿಗಳ ಮೇಲಿನ ಫಲ ಅಷ್ಟು ಸೊಗಸಾಗಿಲ್ಲ. 2015ರಲ್ಲಿ ಕ್ರಿಸ್ಟಿಯಾ ಮತ್ತು ಸಂಗಡಿಗರು ಈ ಬಗೆಯ 49 ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ, ಖಿನ್ನತೆ ಮತ್ತು ಆತಂಕದ ಮೇಲೆ ಅವುಗಳ ಪರಿಣಾಮ ಚಿಕ್ಕದೆಂದೂ, ಒಳ್ಳೆಯ ಫಲಿತಾಂಶ ಬಂದವು ಮಾತ್ರ ಅಚ್ಚಾಗುವ ಪ್ರವೃತ್ತಿಯನ್ನು ಲೆಕ್ಕಕ್ಕೆ ಹಿಡಿದರೆ ಅದು ಇನ್ನೂ ಕುಗ್ಗುತ್ತದೆಂದೂ ಕಂಡಿತು.

ಎರಡೂ ವಂಶಗಳನ್ನು ಬೆಸೆದ ಅಭ್ಯಾಸವೊಂದು ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆಯಲ್ಲಿ ಬ್ರಯಾನ್ ಯಾಕೊವಿಯೆಲ್ಲೊ ಮತ್ತು ಸಂಗಡಿಗರ ಕೈಯಲ್ಲಿ ಮೂಡಿತು. ಇದು ಎನ್-ಬ್ಯಾಕ್‌ನದೇ ರೂಪ. ಅಕ್ಷರಗಳ ಬದಲು ಮುಖಗಳು. ಪ್ರತಿ ಮುಖ ಕಂಡಾಗ ಅದರಲ್ಲಿರುವುದು ಸಂತೋಷವೋ ದುಃಖವೋ ಸಿಟ್ಟೋ ಎಂದು ಗುರುತಿಸಬೇಕು. ಕೆಲವು ಸರದಿ ಹಿಂದಿನ ಮುಖದಲ್ಲೂ ಅದೇ ಭಾವವಿತ್ತೇ ಎಂದು ನೆನೆಯಬೇಕು. ಮುಖ ನೋಡಿದಾಗ ಅಮಿಗ್ಡಲಾ ಎಚ್ಚರಗೊಳ್ಳುತ್ತದೆ, ನೆನೆಯುವಾಗ ಹಣೆಯ ಹಿಂದಿನ ಹೊರಪದರ ದುಡಿಯುತ್ತದೆ. ಎರಡನ್ನೂ ಒಟ್ಟಿಗೆ ದುಡಿಸಿದರೆ ಅವುಗಳ ತಪ್ಪಿದ ಸಮತೋಲ ಮರಳಬಹುದು ಎಂಬ ಲೆಕ್ಕಾಚಾರ. ಮುಖಗಳ ಆಯ್ಕೆಗೆ ಬೇರೊಂದು ಕಡೆಯಿಂದಲೂ ಬೆಂಬಲವಿದೆ. ಆಕ್ಸ್‌ಫರ್ಡ್‌ನ ಕ್ಯಾಥರೀನ್ ಹಾರ್ಮರ್ ತೋರಿಸಿರುವಂತೆ, ಖಿನ್ನತೆಯ ಮಾತ್ರೆಯ ಮೊದಲ ಗುಳಿಗೆಯೇ, ರೋಗಿಗೆ ಇನ್ನೂ ಯಾವ ಗೆಲುವೂ ಅನ್ನಿಸದಿರುವಾಗಲೇ, ನಗುಮುಖವನ್ನು ಗುರುತಿಸುವ ಶಕ್ತಿಯನ್ನು ಹೆಚ್ಚಿಸುತ್ತದೆ. 2014ರಲ್ಲಿ 21 ಜನರೊಂದಿಗೆ ನಡೆದ ಯಾಕೊವಿಯೆಲ್ಲೊ ತಂಡದ ಮೊದಲ ಪ್ರಯೋಗದಲ್ಲಿ, ಮುಖಗಳ ತಾಲೀಮು ಮಾಡಿದವರ ಖಿನ್ನತೆ ಬರಿಯ ಆಕೃತಿಗಳ ತಾಲೀಮು ಮಾಡಿದವರದಕ್ಕಿಂತ ಹೆಚ್ಚು ಇಳಿಯಿತು. ಈ ಅಭ್ಯಾಸವೇ ಹತ್ತು ವರ್ಷಗಳ ನಂತರ ಔಷಧ ಚೀಟಿಯ ಮೇಲೆ ಬಂತು.

ಮಾರುಕಟ್ಟೆ ಮೊದಲು, ಪುರಾವೆ ಆಮೇಲೆ

ಆ ಕತೆಗೆ ಮೊದಲು ಈ ಕ್ಷೇತ್ರ ಹೆಸರು ಕೆಡಿಸಿಕೊಂಡ ಬಗೆಯನ್ನೂ ಹೇಳಬೇಕು, ಏಕೆಂದರೆ ಇಂದಿನ ಅನುಮಾನಗಳ ಬೇರು ಅಲ್ಲಿದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ರ್ಯೂತ ಕವಾಷಿಮ ಅವರ ಹೆಸರಿನಲ್ಲಿ ನಿಂಟೆಂಡೊ ಕಂಪನಿ 2005ರಲ್ಲಿ ತಂದ ಮಿದುಳಿನ ಆಟ ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನರನ್ನು ತಲುಪಿತು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಲ್ಯುಮಾಸಿಟಿ ಬಂತು. ಗರಡಿಯಲ್ಲಿ ಗದೆ ತಿರುಗಿಸಿದ ತೋಳಿನ ಬಲ ಹೊಲದ ಕೆಲಸಕ್ಕೂ ಒದಗುವಂತೆ, ಆಟದಲ್ಲಿ ಪಳಗಿದ ಮಿದುಳು ಬದುಕಿನಲ್ಲೂ ಚುರುಕಾಗುತ್ತದೆ ಎಂಬುದು ಎಲ್ಲರ ಮಾತು.

ಒದಗುತ್ತದೆಯೇ? ಕೇಂಬ್ರಿಜ್‌ನ ಆಡ್ರಿಯನ್ ಓವನ್ ಬಿಬಿಸಿ ವಾಹಿನಿಯ ಜೊತೆ ಸೇರಿ ನಡೆಸಿದ ಪ್ರಯೋಗದಲ್ಲಿ 11,430 ಜನ ಆರು ವಾರ ಆನ್‌ಲೈನ್ ತಾಲೀಮು ಮಾಡಿದರು. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಖಡಾಖಂಡಿತವಾಗಿತ್ತು: ಆಡಿದ ಆಟದಲ್ಲಿ ಎಲ್ಲರೂ ಸುಧಾರಿಸಿದರು, ಆಡದ ಕೆಲಸದಲ್ಲಿ ಯಾರೂ ಸುಧಾರಿಸಲಿಲ್ಲ. 2016ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆಧಾರವಿಲ್ಲದ ಭರವಸೆಗಳಿಂದ ಗ್ರಾಹಕರನ್ನು ದಾರಿ ತಪ್ಪಿಸಿದ ಆರೋಪದ ಮೇಲೆ, ಲ್ಯುಮಾಸಿಟಿಯ ಕಂಪನಿಯಿಂದ 20 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಅದೇ ವರ್ಷ ಡೇನಿಯಲ್ ಸೈಮನ್ಸ್ ಮತ್ತು ಸಂಗಡಿಗರು, ಕಂಪನಿಗಳು ಪುರಾವೆಯೆಂದು ಮುಂದಿಡುತ್ತಿದ್ದ ಅಧ್ಯಯನಗಳನ್ನು ಒಂದೊಂದಾಗಿ ಓದಿ ದೀರ್ಘ ವಿಮರ್ಶೆ ಬರೆದರು. ಅಭ್ಯಾಸ ಮಾಡಿದ ಕೆಲಸದಲ್ಲಿ ಒಳ್ಳೆಯ ಸುಧಾರಣೆ, ಅದನ್ನು ಹೋಲುವ ಕೆಲಸಗಳಲ್ಲಿ ಸ್ವಲ್ಪ, ದಿನದ ಬದುಕಿನಲ್ಲಿ ಬಹುಮಟ್ಟಿಗೆ ಏನೂ ಇಲ್ಲ ಎಂಬುದು ಅವರ ತೀರ್ಪು.

ಈ ತೀರ್ಪು ಖಿನ್ನತೆಗೂ ಅನ್ವಯಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಅದನ್ನು ಬೇರೆಯಾಗಿಯೇ ಕೇಳಬೇಕು. ಆರೋಗ್ಯವಂತರನ್ನು ಇನ್ನಷ್ಟು ಜಾಣರಾಗಿಸುವುದು ಒಂದು. ಕಾಯಿಲೆಯಿಂದ ಕುಗ್ಗಿದ ಗಮನವನ್ನು ಅದರ ಮೊದಲಿನ ಮಟ್ಟಕ್ಕೆ ತರುವುದು ಇನ್ನೊಂದು.

ರೋಗಿಗಳ ಮೇಲಿನ ಪ್ರಯೋಗಗಳು

ಹೆಚ್ಚು ಆಸೆ ಹುಟ್ಟಿಸಿದ ಫಲಿತಾಂಶಗಳಲ್ಲೊಂದು ವೃದ್ಧರಿಂದ ಬಂತು. ವಯಸ್ಸಾದವರ ಖಿನ್ನತೆಗೆ ಮಾತ್ರೆಗಳು ಅನೇಕ ಸಲ ನಾಟುವುದಿಲ್ಲ. ಯೋಜನಾಶಕ್ತಿ ಕುಗ್ಗಿದವರಲ್ಲಂತೂ ಇನ್ನೂ ಕಡಿಮೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಾರಾ ಮೊರಿಮೊಟೊ ಮತ್ತು ಸಂಗಡಿಗರು, ಮಾತ್ರೆಗೆ ಬಗ್ಗದ ಖಿನ್ನತೆಯಿದ್ದ 60 ದಾಟಿದ 11 ಜನರಿಗೆ ನಾಲ್ಕು ವಾರಗಳಲ್ಲಿ 30 ಗಂಟೆ ಕಂಪ್ಯೂಟರ್ ತಾಲೀಮು ಮಾಡಿಸಿದರು. ಚಲಿಸುವ ಚೆಂಡುಗಳು ಬಣ್ಣ ಬದಲಿಸಿದಾಗ ಗುಂಡಿ ಒತ್ತುವುದು, ಪದಗಳನ್ನು ಬಗೆಗಳಾಗಿ ವಿಂಗಡಿಸುವುದು ಅದರಲ್ಲಿದ್ದವು. 2014ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಎಸಿಟಾಲೊಪ್ರಾಮ್ ಎಂಬ ಮಾತ್ರೆ 12 ವಾರಗಳಲ್ಲಿ ತಂದಷ್ಟು ಇಳಿಕೆಯನ್ನು ತಾಲೀಮು ನಾಲ್ಕೇ ವಾರದಲ್ಲಿ ತಂದಿತು. ಯೋಜನಾಶಕ್ತಿಯ ವಿಷಯದಲ್ಲಿ ಮಾತ್ರೆಯನ್ನೂ ಮೀರಿಸಿತು. ಇದನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ತಾಲೀಮು ಮಾಡಿದವರು ಹನ್ನೊಂದೇ ಜನ. ಹೋಲಿಕೆಗೆ ತೆಗೆದುಕೊಂಡ ಮಾತ್ರೆಯವರು ಬೇರೊಂದು ಅಧ್ಯಯನದಿಂದ ಬಂದವರು, ಚೀಟಿ ಎತ್ತಿ ಹಂಚಿದವರಲ್ಲ.

ಹಂಚಿಕೆ ಸರಿಯಾಗಿ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ ಮೋಟರ್ ಮತ್ತು ಸಂಗಡಿಗರ 2016ರ ವಿಶ್ಲೇಷಣೆ ಒಂಬತ್ತು ಪ್ರಯೋಗಗಳನ್ನು ಒಳಗೊಂಡಿತ್ತು. ಖಿನ್ನತೆಯ ಲಕ್ಷಣಗಳ ಮೇಲೆ ಸಣ್ಣದರಿಂದ ಮಧ್ಯಮ ಪರಿಣಾಮ, ಗಮನ ಮತ್ತು ತಾತ್ಕಾಲಿಕ ನೆನಪಿನ ಮೇಲೆ ಅದಕ್ಕಿಂತ ಎದ್ದು ಕಾಣುವ ಪರಿಣಾಮ, ದಿನನಿತ್ಯದ ಕೆಲಸಕಾರ್ಯಗಳಲ್ಲೂ ಸುಧಾರಣೆ. ಆದರೆ ಯೋಜನಾಶಕ್ತಿ ಮತ್ತು ಮಾತಿನ ನೆನಪಿನಲ್ಲಿ ಗಟ್ಟಿಯಾದ ಬದಲಾವಣೆ ಇಲ್ಲ. ಇದೇ ಚಿತ್ರ ಅಮೆರಿಕದ ಅಕಿಲಿ ಕಂಪನಿಯ ವಿಡಿಯೊ ಗೇಮಿನಲ್ಲೂ ಮರುಕಳಿಸಿತು. ಅಕಿಲಿಯ ಆಟವೊಂದನ್ನು 2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಗಮನ ಕೊರತೆಯ ಮಕ್ಕಳಿಗಾಗಿ ಒಪ್ಪಿತ್ತು. ವೈದ್ಯರು ಬರೆದುಕೊಡಬಹುದಾದ ಮೊದಲ ವಿಡಿಯೊ ಗೇಮ್ ಅದು. ಅದೇ ಬಗೆಯ ಆಟವನ್ನು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೂ ಮಂಕು ಉಳಿದಿದ್ದ 74 ವಯಸ್ಕರ ಮೇಲೆ ಪರೀಕ್ಷಿಸಲಾಯಿತು. ದಿನಕ್ಕೆ 25 ನಿಮಿಷದಂತೆ ವಾರಕ್ಕೆ ಐದು ದಿನ, ಆರು ವಾರ. 2022ರಲ್ಲಿ ಪ್ರಕಟವಾದ ಫಲಿತಾಂಶ: ಪದಗಳ ಆಟ ಆಡಿದ ಇನ್ನೊಂದು ಗುಂಪಿಗಿಂತ ಇವರ ಗಮನ ನಿಜಕ್ಕೂ ಗಟ್ಟಿಯಾಯಿತು. ಮನಸ್ಥಿತಿಯ ಅಂಕಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಅಂಥ ಅಂತರ ಕಾಣಲಿಲ್ಲ.

ಈ ಸಾಲು ಸಾಲು ಪ್ರಯೋಗಗಳನ್ನು ಒಟ್ಟಾಗಿ ಓದಿದವರಿಗೆ ಒಂದು ತಿಳಿವು ಬರುತ್ತದೆ. ತಾಲೀಮು ಮುಟ್ಟುವುದು ಖಿನ್ನತೆಯ ಒಂದು ಮಗ್ಗುಲನ್ನು: ಗಮನ, ನೆನಪು, ಕೊರಗಿನಿಂದ ಬಿಡಿಸಿಕೊಳ್ಳುವ ಶಕ್ತಿ. ಕವಿದ ದುಃಖವನ್ನು ಅದೊಂದೇ ಎತ್ತಿ ಎಸೆಯುತ್ತದೆ ಎನ್ನಲು ಪುರಾವೆ ಸಾಲದು. ಮುಟ್ಟುವ ಆ ಮಗ್ಗುಲು ಸಣ್ಣದಲ್ಲ. ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮರಳುತ್ತದೆ, ಮತ್ತು ಮರಳಲು ಕೊರಗುವ ಚಾಳಿ ಒಂದು ದೊಡ್ಡ ಕಾರಣ. ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಹೋರೆಲ್‌ಬೆಕೆ ಮತ್ತು ಎರ್ನ್‌ಸ್ಟ್ ಕೋಸ್ಟರ್ ಅದಕ್ಕೇ ಬೇರೆ ಸಮಯವನ್ನು ಆರಿಸಿಕೊಂಡರು. ಅವರು ಕರೆದದ್ದು ಗುಣವಾದವರನ್ನು. ಹಾಗೆ ಬಂದ 68 ಜನರಲ್ಲಿ ಅರ್ಧದಷ್ಟು ಮಂದಿ ಮನೆಯಲ್ಲೇ ಕುಳಿತು ಇಂಟರ್‌ನೆಟ್ ಮೂಲಕ ಹತ್ತು ಪಾಳಿ ಪಾಸಟ್ ತಾಲೀಮು ಮಾಡಿದರು. 2017ರ ವರದಿಯಲ್ಲಿ, ಹಗುರವಾದ ಅಭ್ಯಾಸ ಮಾಡಿದವರಿಗಿಂತ ಇವರಲ್ಲಿ ಕೊರಗು ಮತ್ತು ಉಳಿದ ಲಕ್ಷಣಗಳು ಕಡಿಮೆಯಾಗಿ, ಮೂರು ತಿಂಗಳ ನಂತರವೂ ಆ ಲಾಭ ಉಳಿದಿತ್ತು. ಖಿನ್ನತೆಯ ಆಳದಲ್ಲಿರುವಾಗ ಹಾಸಿಗೆಯಿಂದ ಏಳುವುದೇ ಸಾಹಸ. ಆಗ ದಿನವೂ ಕಷ್ಟದ ಲೆಕ್ಕ ಮಾಡು ಎನ್ನುವುದು ಕ್ರೂರವೂ ಆಗಬಹುದು. ಚೇತರಿಸಿಕೊಂಡ ಮೇಲೆ, ಮತ್ತೆ ಬೀಳದಂತೆ ಕಾಲು ಗಟ್ಟಿ ಮಾಡಿಕೊಳ್ಳಲು ಮಾಡಿಸುವುದು ಹೆಚ್ಚು ವಿವೇಕದ ದಾರಿಯಾಗಿ ತೋರುತ್ತದೆ.

ರಿಜಾಯ್ನ್

2024ರ ಮಾರ್ಚ್ 30ರಂದು ಎಫ್‌ಡಿಎ ‘ರಿಜಾಯ್ನ್’ ಎಂಬ ಆ್ಯಪ್‌ಗೆ ಒಪ್ಪಿಗೆ ಕೊಟ್ಟಿತು. ಜಪಾನಿನ ಔಷಧ ಕಂಪನಿ ಒತ್ಸುಕ ಮತ್ತು ನ್ಯೂಯಾರ್ಕಿನ ಕ್ಲಿಕ್ ಥೆರಪ್ಯೂಟಿಕ್ಸ್ ಸೇರಿ ಮಾಡಿದ್ದು. ಅಮೆರಿಕದಲ್ಲಿ ಖಿನ್ನತೆಗೆಂದು ವೈದ್ಯರು ಚೀಟಿ ಬರೆದುಕೊಡುವ ಮೊದಲ ಆ್ಯಪ್. ಅದರ ಹೃದಯದಲ್ಲಿರುವುದು ಮೌಂಟ್ ಸೈನಾಯ್‌ನ ಮುಖಗಳ ತಾಲೀಮು. ಜೊತೆಗೆ ಸಿಬಿಟಿ ಆಧಾರಿತ ಚಿಕ್ಕ ವಿಡಿಯೊ ಪಾಠಗಳಿವೆ, ಫೋನಿಗೆ ಬರುವ ಉತ್ತೇಜನದ ಸಂದೇಶಗಳಿವೆ. ಆರು ವಾರದ ಚಿಕಿತ್ಸೆ. 22 ಮತ್ತು ಅದಕ್ಕೂ ಹೆಚ್ಚು ವಯಸ್ಸಿನವರಿಗೆ, ಅದೂ ಈಗಾಗಲೇ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಮಾತ್ರೆಯ ಜೊತೆಯಲ್ಲಿ ಮಾತ್ರ. ಅದರ ಬದಲಿಗೆ ಅಲ್ಲ.

ಅನುಮತಿಗೆ ಆಧಾರವಾದ ‘ಮಿರಾಯ್’ ಪ್ರಯೋಗದಲ್ಲಿ 22ರಿಂದ 64 ವಯಸ್ಸಿನ 386 ಜನರಿದ್ದರು. ಕೆಲವರಿಗೆ ರಿಜಾಯ್ನ್, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಒಳಗೆ ಚಿಕಿತ್ಸೆಯ ಸತ್ವವಿಲ್ಲದ ಹುಸಿ ಆ್ಯಪ್. ಆರು ವಾರಗಳ ನಂತರ ಎರಡೂ ಗುಂಪಿನವರ ಖಿನ್ನತೆ ಇಳಿಯಿತು, ರಿಜಾಯ್ನ್ ಗುಂಪಿನದು ಸ್ವಲ್ಪ ಹೆಚ್ಚು. ಆದರೆ ಪ್ರಯೋಗದ ಮುಖ್ಯ ಲೆಕ್ಕಾಚಾರದಲ್ಲಿ ಆ ಅಂತರ ಸಂಖ್ಯಾಶಾಸ್ತ್ರದ ಗೆರೆಯನ್ನು ದಾಟಲಿಲ್ಲ. ಬೇರೆ ಕೆಲವು ಅಳತೆಗಳು ಆ್ಯಪ್‌ನ ಪರವಾಗಿದ್ದವು. ಅಡ್ಡಪರಿಣಾಮದ ದೂರುಗಳು ಇರಲಿಲ್ಲ. ಅಪಾಯ ಕಡಿಮೆ, ಲಾಭದ ಸಾಧ್ಯತೆ ಇದೆ ಎಂಬ ತೂಕದಲ್ಲಿ ಎಫ್‌ಡಿಎ ಇದನ್ನು ವೈದ್ಯಕೀಯ ಸಾಧನವಾಗಿ ಒಪ್ಪಿತು. ಸಾಧನಕ್ಕೆ ಕೇಳುವ ಪುರಾವೆ ಹೊಸ ಮಾತ್ರೆಗೆ ಕೇಳುವಷ್ಟು ಬಿಗಿಯಲ್ಲ. ಈ ಸಂಗತಿ ವೈದ್ಯರಿಗೂ ರೋಗಿಗೂ ಸ್ಪಷ್ಟವಾಗಿ ತಿಳಿದಿರಬೇಕು. ‘ಎಫ್‌ಡಿಎ ಒಪ್ಪಿದೆ’ ಎಂಬ ಮಾತು ಎರಡು ಕಡೆಯೂ ಒಂದೇ ತೂಕದ್ದಲ್ಲ.

ಹುಸಿ ಆ್ಯಪ್ ಪಡೆದವರೂ ಏಕೆ ಸುಧಾರಿಸಿದರು? ಈ ಕ್ಷೇತ್ರದ ಅತಿ ಕಠಿಣ ಪ್ರಶ್ನೆ ಇದು. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಸೈರಸ್ ಫರೂಗಿ ಮತ್ತು ಸಂಗಡಿಗರು ಎರಡು ಬಗೆಯ ಭಿತ್ತಿಪತ್ರ ಅಂಟಿಸಿ 50 ಜನರನ್ನು ಸೇರಿಸಿದರು. ಒಂದರಲ್ಲಿ ಮಿದುಳಿನ ತಾಲೀಮಿನಿಂದ ಬುದ್ಧಿ ಹೆಚ್ಚುತ್ತದೆ ಎಂದಿತ್ತು. ಇನ್ನೊಂದರಲ್ಲಿ ಅಧ್ಯಯನಕ್ಕೆ ಬನ್ನಿ ಎಂದಷ್ಟೇ ಇತ್ತು. ಎರಡೂ ಗುಂಪಿಗೆ ಅದೇ ಒಂದು ಗಂಟೆಯ ತಾಲೀಮು. ಬುದ್ಧಿಯ ಆಸೆಯಿಂದ ಬಂದವರ ಬುದ್ಧಿಮಟ್ಟದ ಅಂಕ ಐದರಿಂದ ಹತ್ತರಷ್ಟು ಏರಿತು, ಉಳಿದವರದು ಏರಲಿಲ್ಲ. ಖಿನ್ನತೆಯಲ್ಲಿ ನಂಬಿಕೆಯ ಪಾಲು ಇನ್ನೂ ದೊಡ್ಡದು. ಯಾರೋ ದಿನವೂ ವಿಚಾರಿಸುತ್ತಾರೆ, ಒಂದು ಹೊತ್ತಿಗೆ ಮಾಡಲು ಒಂದು ಕೆಲಸವಿದೆ, ನಿನ್ನೆಗಿಂತ ಇಂದು ಅಂಕ ಏರಿದೆ ಎಂಬುದೆಲ್ಲ ಸೋತ ಮನಸ್ಸಿಗೆ ಆಸರೆಯೇ. ಅದರಲ್ಲಿ ತಾಲೀಮಿನದೇ ಆದ ಪಾಲೆಷ್ಟು ಎಂದು ಬೇರ್ಪಡಿಸಲು ಒಳ್ಳೆಯ ಹುಸಿ ಆಟ ಬೇಕು, ಮತ್ತು ಅಂಥದನ್ನು ರೂಪಿಸುವುದು ನಿಜವಾದ ಆಟದಷ್ಟೇ ಕಷ್ಟ.

ವ್ಯಾಪಾರದ ಕತೆ ಬೇರೆಯೇ ದಿಕ್ಕಿನಲ್ಲಿದೆ. ವ್ಯಸನಕ್ಕೆ ಚೀಟಿಯ ಆ್ಯಪ್ ಮಾಡಿ 2017ರಲ್ಲಿ ಎಫ್‌ಡಿಎ ಅನುಮತಿ ಪಡೆದಿದ್ದ ಪೇರ್ ಥೆರಪ್ಯೂಟಿಕ್ಸ್, ವಿಮಾ ಕಂಪನಿಗಳು ಸಾಕಷ್ಟು ಹಣ ಕೊಡದೆ, 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಕಿಲಿಯೂ ಚೀಟಿಯ ದಾರಿಯನ್ನು ಬಿಟ್ಟು 2024ರಲ್ಲಿ ಬೇರೊಂದು ಕಂಪನಿಯ ಪಾಲಾಯಿತು. ಜರ್ಮನಿ ಮಾತ್ರ 2019ರಲ್ಲೇ ಕಾಯ್ದೆ ಮಾಡಿ, ವೈದ್ಯರು ಬರೆದುಕೊಟ್ಟ ಆ್ಯಪ್‌ಗೆ ಸಾರ್ವಜನಿಕ ವಿಮೆಯಿಂದ ಹಣ ಸಿಗುವ ವ್ಯವಸ್ಥೆ ತಂದಿದೆ.

ಬೆಂಗಳೂರಿನ ಹಳೆಯ ಎಳೆ

ಮಿದುಳಿನ ತಾಲೀಮು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು ತಲೆಗೆ ಪೆಟ್ಟಾದವರ ಗಮನವನ್ನು ಮರಳಿ ಕಟ್ಟುವ ಕೆಲಸವನ್ನು 1990ರ ದಶಕದಲ್ಲೇ ಮಾಡಿದ್ದರು. ಅವರ ಸಾಮಗ್ರಿ ಕಾಗದ, ಪೆನ್ಸಿಲ್ ಮತ್ತು ಕಾಳು. ಪುಟದ ತುಂಬ ಇರುವ ಅಕ್ಷರಗಳಲ್ಲಿ ಹೇಳಿದ್ದನ್ನು ಮಾತ್ರ ಹೊಡೆದುಹಾಕುವುದು ಒಂದಾದರೆ, ಬೆರೆಸಿಟ್ಟ ಕಾಳುಗಳನ್ನು ಬೇರೆ ಬೇರೆ ಆರಿಸುವುದು ಇನ್ನೊಂದು. ಮುಂದೆ ಶಾಂತಲಾ ಹೆಗಡೆ, ಶೋಭಿನಿ ರಾವ್ ಮತ್ತು ಇತರರು ಸ್ಕಿಜೋಫ್ರೇನಿಯ ರೋಗಿಗಳಿಗೆ, ಮನೆಯವರ ನೆರವಿನಿಂದ ಮನೆಯಲ್ಲೇ ಮಾಡಬಹುದಾದ ಮರುತರಬೇತಿಯನ್ನು ರೂಪಿಸಿ, ಅದರ ಪ್ರಯೋಗದ ಫಲವನ್ನು 2012ರಲ್ಲಿ ಪ್ರಕಟಿಸಿದರು. ಇವು ಖಿನ್ನತೆಗೆಂದು ಮಾಡಿದವಲ್ಲ. ಆದರೆ ಮೊಬೈಲ್ ಕಂಪನಿಗಳು ಇಂದು ಹೇಳುವ ತತ್ವ, ಸ್ವಲ್ಪ ಸ್ವಲ್ಪವೇ ಕಷ್ಟ ಏರಿಸುತ್ತ ಗಮನವನ್ನು ಪಳಗಿಸುವುದು, ಇಲ್ಲಿ ಅಡುಗೆಮನೆಯ ಕಾಳಿನಲ್ಲೇ ನಡೆದಿತ್ತು.

ಮುಖಗಳ ತಾಲೀಮನ್ನು ಇಲ್ಲಿಗೆ ತರುವವರಿಗೆ ಒಂದು ಪಾಠವೂ ನಿಮ್ಹಾನ್ಸ್‌ನಲ್ಲಿದೆ. ಪಾಶ್ಚಾತ್ಯ ಮುಖಗಳ ಚಿತ್ರದಲ್ಲಿ ಭಾವ ಗುರುತಿಸಲು ನಮ್ಮ ರೋಗಿಗಳು ಎಡವಿದರೆ, ಅದು ಕಾಯಿಲೆಯಿಂದಲೋ ಅಪರಿಚಿತ ಮುಖದಿಂದಲೋ ಎಂದು ಹೇಳುವುದು ಕಷ್ಟ. ಅದಕ್ಕೇ ಅಲ್ಲಿನ ಮನೋವೈದ್ಯರು 2008ರಲ್ಲಿ ‘ಟ್ರೆಂಡ್ಸ್’ ಎಂಬ, ಭಾರತೀಯ ನಟರ ಮುಖಭಾವಗಳ ಪರೀಕ್ಷಾ ಸಾಧನವನ್ನು ಸಿದ್ಧಪಡಿಸಿದರು. ಇಂಗ್ಲಿಷ್ ಪದಗಳ ಮೇಲೆ ನಿಂತ ತಾಲೀಮುಗಳಿಗೂ ಇದೇ ಮಾತು ಸಲ್ಲುತ್ತದೆ. ಕನ್ನಡದಲ್ಲಿ ನೋಯುವವರ ಗಮನ ಇಂಗ್ಲಿಷ್ ನೋವಿನ ಪದಕ್ಕೆ ಅಷ್ಟು ಬೇಗ ಅಂಟಿಕೊಳ್ಳಲಿಕ್ಕಿಲ್ಲ. ಅಂಟಿಕೊಳ್ಳದ ಗಮನವನ್ನು ಬಿಡಿಸುವ ತಾಲೀಮಿಗೆ ಅರ್ಥವೂ ಇಲ್ಲ.

ಅಗತ್ಯವಂತೂ ಕಣ್ಣಿಗೆ ಹೊಡೆಯುವಷ್ಟಿದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 20 ವಯಸ್ಕರಲ್ಲಿ ಒಬ್ಬರು ಒಂದಲ್ಲ ಒಂದು ಕಾಲದಲ್ಲಿ ಖಿನ್ನತೆಯನ್ನು ಅನುಭವಿಸಿರುತ್ತಾರೆ. ಖಿನ್ನತೆಯಿರುವ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಫೋನು ಮಾತ್ರ ಎಲ್ಲ ಕಡೆ ಇದೆ. ನಿಮ್ಹಾನ್ಸ್‌ನ ಸೀಮಾ ಮೆಹ್ರೋತ್ರಾ ನೇತೃತ್ವದಲ್ಲಿ ಬಂದ ‘ಪುಶ್-ಡಿ’ ಎಂಬ ಸ್ವಸಹಾಯದ ಆ್ಯಪ್ ಈ ಕಂದಕವನ್ನು ಕಂಡೇ ರೂಪುಗೊಂಡದ್ದು. ಅದು ತಾಲೀಮಲ್ಲ, ಮನಸ್ಸನ್ನು ನೋಡಿಕೊಳ್ಳುವ ಬಗೆಯನ್ನು ಹಂತಹಂತವಾಗಿ ಕಲಿಸುವ ಕಾರ್ಯಕ್ರಮ. ಕಾಳು ಆರಿಸುವ ವಿದ್ಯೆ ಮತ್ತು ಭಾರತೀಯ ಮುಖಗಳ ಸಂಗ್ರಹ ಎರಡೂ ಒಂದೇ ಆವರಣದಲ್ಲಿರುವಾಗ, ಕನ್ನಡದ ದನಿಯಲ್ಲಿ ಅಂಕಿ ಹೇಳುವ ತಾಲೀಮೊಂದನ್ನು ಇಲ್ಲೇ ಕಟ್ಟಿ, ಇಲ್ಲಿನ ರೋಗಿಗಳ ಮೇಲೆ, ಒಳ್ಳೆಯ ಹುಸಿ ಆಟದ ಎದುರು ಇಟ್ಟು ಪರೀಕ್ಷಿಸುವ ಕೆಲಸಕ್ಕೆ ಬೇಕಾದ ಬುನಾದಿ ಸಿದ್ಧವಾಗಿದೆ.

ಬಳಸುವವರು ತಿಳಿದಿರಬೇಕಾದ ಮಾತುಗಳು ಇನ್ನೂ ಕೆಲವಿವೆ. ಅಂಗಡಿಯ ಮಿದುಳಿನ ಆಟಗಳಲ್ಲಿ ಹೆಚ್ಚಿನವು ಖಿನ್ನತೆಯ ರೋಗಿಗಳ ಮೇಲೆ ಪರೀಕ್ಷೆಗೊಂಡಿಲ್ಲ; ಅವುಗಳ ಏರುವ ಅಂಕ ಆಟದ ಪಳಗುವಿಕೆಯನ್ನಷ್ಟೇ ಹೇಳುತ್ತದೆ. ಗುಣದ ಗುರುತು ಬೇರೆಡೆ ಇದೆ: ನಿದ್ದೆ, ಊಟ, ಕೆಲಸ, ಮನೆಯವರೊಂದಿಗಿನ ಮಾತು ಮೊದಲಿನಂತಾಗುತ್ತಿವೆಯೇ ಎಂಬುದರಲ್ಲಿ. ನಡೆಯುತ್ತಿರುವ ಮಾತ್ರೆಯನ್ನು ಆಟದ ಭರವಸೆಯ ಮೇಲೆ ನಿಲ್ಲಿಸಬಾರದು. ಸಾಯುವ ಯೋಚನೆ ಇರುವವರನ್ನು ಇಂಥ ಪ್ರಯೋಗಗಳು ಸಾಮಾನ್ಯವಾಗಿ ಹೊರಗಿಟ್ಟೇ ನಡೆದಿವೆ. ಆದ್ದರಿಂದ ಅವರಿಗೆ ಇದರ ಫಲ ಇಂತಿಷ್ಟೆಂದು ಯಾರೂ ಹೇಳುವಂತಿಲ್ಲ. ಅವರಿಗೆ ಆಗಲೇ ಬೇಕಾದದ್ದು ಮನುಷ್ಯರ ದನಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಉಚಿತ, ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.